ಸಿಡುಕನ ವೇಗ ನೂರ ಮೂವತ್ತೆಂಟು

ಮಾರ್ಚ್ 3, ಭಾನುವಾರ

ಆಟಗಾರರ ಪಟ್ಟಿಯಲ್ಲಿ ಈ ಸಲ ನಮ್ಮ ಮನೆಯಿಂದ ಎರಡು ಹೆಸರು. ಏಳನೆಯದು ನನ್ನದು, ಎಂಟನೆಯದು ತಂಗಿಯದು.

ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾವು ಇಪ್ಪತ್ತೊಂದು ಜನ ಸೇರುತ್ತೇವೆ. ಎಲ್ಲರ ಕೈಯಲ್ಲೂ ಒಂದೊಂದು ವಿಡಿಯೋ ಗೇಮು, ಅದರೊಳಗೆ ಕಾದಾಡುವ ರಾಕ್ಷಸಪ್ರಾಣಿಗಳು. ಒಬ್ಬೊಬ್ಬರೂ ಆರು ಪ್ರಾಣಿಗಳ ತಂಡ ಕಟ್ಟಬೇಕು. ಆಟಕ್ಕೆ ಮೂರನ್ನು ಇಳಿಸಬೇಕು. ಎದುರಾಳಿಯ ಮೂರನ್ನೂ ಮೊದಲು ಕೆಡವಿದವರು ಗೆದ್ದರು. ಪಂದ್ಯಾವಳಿ ಏಪ್ರಿಲ್ 21ಕ್ಕೆ. ಗೆದ್ದ ಒಬ್ಬರಿಗೆ ಮಾತ್ರ ದೊಡ್ಡ ಊರಿನ ಅಂತಿಮ ಸುತ್ತಿಗೆ ಪ್ರವೇಶ. ಹೋದ ವರ್ಷ ನಾನು ಹೋಗಿದ್ದೆ. ಅಲ್ಲಿ ಮೊದಲ ಪಂದ್ಯದಲ್ಲೇ ಸೋತೆ.

ಹೆಸರು ಬರೆದುಕೊಳ್ಳುವವರು ನಿವೃತ್ತ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಈಗಲೂ ಸೀಟಿ ಇದೆ.

"ಅಣ್ಣನ ಹೆಸರು ಆಗ್ಲೇ ಬರ್ಕೊಂಡಾಯ್ತಲ್ಲಮ್ಮ," ಎಂದರು.

"ಇದು ನನ್ನ ಹೆಸರು ಸಾರ್."

"ಓಹೋ! ಅಡುಗೆಯವಳೇ ಊಟಕ್ಕೆ ಕೂತ್ರೆ ಬಡಿಸೋರು ಯಾರಮ್ಮ?"

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಪೆನ್ನು ತೆಗೆದುಕೊಂಡು ತನ್ನ ಹೆಸರನ್ನು ತಾನೇ ಬರೆದಳು.

ಮೇಷ್ಟ್ರ ಮಾತಿನಲ್ಲಿ ತಪ್ಪೇನಿಲ್ಲ. ಹನ್ನೊಂದು ವರ್ಷಗಳಿಂದ ನಮ್ಮಲ್ಲಿ ಕೆಲಸ ಹಂಚಿಕೆಯಾಗಿದೆ. ಪ್ರಾಣಿಗಳನ್ನು ತಯಾರು ಮಾಡುವುದು ಅವಳು, ಆಡುವುದು ನಾನು. ಯಾರೂ ಬಲವಂತ ಮಾಡಿದ್ದಲ್ಲ.

ಮಾರ್ಚ್ 5, ಮಂಗಳವಾರ

ಇಂದು ಕೇಳಿದೆ. ಅವಳು ರಕ್ತಪರೀಕ್ಷೆಯ ಲ್ಯಾಬಿನಿಂದ ಎರಡೂವರೆಗೆ ಬಂದಿದ್ದಳು. ನಾನು ಊಟಕ್ಕೆ ಮನೆಗೆ ಬಂದಿದ್ದೆ.

"ನನಗೆ ಒಂದ್ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅಂತಿರಲಿಲ್ಲ. ಯೋಚನೆ ಮಾಡು ಅಂತಿದ್ದೆ."

"ನೀನು ಯೋಚನೆ ಮಾಡು ಅಂದ್ರೆ ಬೇಡ ಅಂತಾನೇ ಅಣ್ಣ. ಮೂವತ್ತು ವರ್ಷದಿಂದ ಕೇಳ್ತಿದ್ದೀನಿ."

ಅಮ್ಮ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. "ಇಬ್ಬರೂ ಕತ್ತೆ ವಯಸ್ಸಿನವರು. ಆ ರಾಕ್ಷಸರ ಬದಲು ಒಂದು ಕೋಳಿ ಸಾಕಿದ್ರೆ ಮೊಟ್ಟೆಯಾದ್ರೂ ತಿನ್ಬಹುದಿತ್ತು," ಎಂದಳು.

ತಂಗಿ ನಕ್ಕು ನನ್ನ ಕಡೆ ತಿರುಗಿದಳು. "ನಿನ್ನ ಟೀಮ್ ಕೂಡ ನಾನೇ ರೆಡಿ ಮಾಡ್ಕೊಡ್ತೀನಿ. ಎಂದಿನ ಹಾಗೆ. ಏನು ಬೇಕೋ ಹೇಳು."

ಹಾಗಾದರೆ ನನಗೆ ನಷ್ಟವಿಲ್ಲ. ಅವಳ ಸಮಯ ಇಬ್ಭಾಗವಾಗುತ್ತದೆ, ಅಷ್ಟೆ.

ಮಾರ್ಚ್ 10, ಭಾನುವಾರ

ಅಭ್ಯಾಸ ಪಂದ್ಯಗಳು. ನಾನು ಆರರಲ್ಲಿ ಐದು ಗೆದ್ದೆ. ತಂಗಿ ಆರರಲ್ಲಿ ನಾಲ್ಕು. ಅವಳಿಗೆ ಸಿಕ್ಕ ಎದುರಾಳಿಗಳಲ್ಲಿ ಇಬ್ಬರು ಈ ವರ್ಷ ಸೇರಿದವರು.

ಅವಳ ತಂಡದ ಮುಖ್ಯ ಪ್ರಾಣಿ ಏರೋಪ್ಲೇನ್ ಚಿಟ್ಟೆಯ ರೂಪದ್ದು. ಹೆಸರು ಚಿಟಿಕೆ. ಚಿಟಿಕೆ ಹೊಡೆಯುವಷ್ಟರಲ್ಲಿ ಹೊಡೆದುಬಿಡುತ್ತದೆ ಎಂದು ಆ ಹೆಸರು. ಮೈಯಲ್ಲಿ ತ್ರಾಣವಿಲ್ಲ, ಒಂದು ಒಳ್ಳೆಯ ಏಟು ಬಿದ್ದರೆ ಮುಗಿಯಿತು. ನನ್ನ ಮುಖ್ಯ ಪ್ರಾಣಿ ಸಿಡುಕ. ಬೆಂಕಿ ಉಗುಳುವ ಕಾಡುಬೆಕ್ಕು. ಅದರ ಬಲ ಇರುವುದು ತಾಳಿಕೆಯಲ್ಲಿ: ಎರಡು ಏಟು ತಿಂದು ಮೂರನೆಯದನ್ನು ತಾನು ಕೊಡುತ್ತದೆ.

ಮಾರ್ಚ್ 16, ಶನಿವಾರ

ತಂಗಿಗೆ ಎರಡು ಪಾಳಿ. ಹೊಸ ಪ್ರಾಣಿಯೊಂದು ಬೇಕಿತ್ತು. ನಾನೇ ತಯಾರು ಮಾಡೋಣ ಎಂದು ಕೂತೆ.

ಮೊಟ್ಟೆ ಒಡೆಸಬೇಕು. ಒಂದು ಮೊಟ್ಟೆ ಒಡೆಯಲು ಗೇಮಿನೊಳಗಿನ ಮೈದಾನವನ್ನು ಏಳೆಂಟು ಸುತ್ತು ಓಡಬೇಕು. ಮರಿಯ ಹುಟ್ಟುಗುಣದ ಆರು ಅಂಕಿಗಳನ್ನು ನೋಡಬೇಕು. ಒಂದು ಕಡಿಮೆಯಿದ್ದರೂ ಮರಿ ಬೇಡ, ಮತ್ತೆ ಮೊಟ್ಟೆ. ಒಳ್ಳೆಯದು ಸಿಕ್ಕ ಮೇಲೆ ತರಬೇತಿಯ ಅಂಕಗಳನ್ನು ಹಂಚಬೇಕು. ಅಂಕಗಳ ಒಟ್ಟು ಮೊತ್ತಕ್ಕೆ ಮಿತಿಯಿದೆ. ವೇಗಕ್ಕೆ ಹಾಕಿದರೆ ತಾಳಿಕೆಗೆ ಕಡಿಮೆ.

ಹದಿನಾಲ್ಕು ಮೊಟ್ಟೆಗಳ ಬಳಿಕ ನಿಲ್ಲಿಸಿದೆ. ಎಡಗೈ ಹೆಬ್ಬೆರಳು ನೋಯುತ್ತಿದೆ. ಹೋದ ವರ್ಷದ ಸಿಡುಕನಿಗೆ ತಂಗಿ ಇನ್ನೂರ ಆರು ಮೊಟ್ಟೆ ಒಡೆಸಿದ್ದಳು. ಅವಳಿಗೆ ಇದು ಇಷ್ಟದ ಕೆಲಸ.

ಮಾರ್ಚ್ 24, ಭಾನುವಾರ

ಬೆಳಗಿನ ತಿಂಡಿಯ ಹೊತ್ತು. ತಂಗಿ ಖುಷಿಯಲ್ಲಿದ್ದಳು, ತಾನಾಗಿ ಮಾತು ತೆಗೆದಳು.

"ಅಣ್ಣ, ಚಿಟಿಕೆಗೆ ಎಷ್ಟು ಸ್ಪೀಡ್ ಇಟ್ಟಿದ್ದೀನಿ ಹೇಳು ನೋಡೋಣ."

"ನೂರ ಮೂವತ್ತಾರು. ಎಲ್ಲರೂ ಇಡೋದು ಅಷ್ಟೇ."

"ಅದಕ್ಕೇ ನಾನು ನೂರ ಮೂವತ್ತೇಳು ಇಟ್ಟಿದ್ದೀನಿ. ಅವರೆಲ್ಲರಿಗಿಂತ ಒಂದೇ ಒಂದು ಮುಂದೆ. ಉಳಿದದ್ದೆಲ್ಲ ಏಟಿಗೆ. ಹೆಂಗೆ?"

"ಚೆನ್ನಾಗಿದೆ."

"ಬರೀ ಚೆನ್ನಾಗಿದೆನಾ? ಮೂರು ವಾರ ತಲೆ ಕೆಡಿಸ್ಕೊಂಡಿದ್ದೀನಿ ಮಾರಾಯ!"

ವಿಷಯ ಇಷ್ಟು. ಎದುರಾಳಿ ಇಳಿಸಿದ ಪ್ರಾಣಿ ಯಾವುದೆಂದು ಕಾಣುತ್ತದೆ, ಅದರ ಅಂಕಿಗಳು ಕಾಣುವುದಿಲ್ಲ. ವೇಗ ಹೆಚ್ಚಿರುವ ಪ್ರಾಣಿ ಮೊದಲು ಹೊಡೆಯುತ್ತದೆ. ಒಂದು ಹೆಚ್ಚಿದ್ದರೂ ಸಾಕು. ಆದ್ದರಿಂದ ಯಾರೂ ತಮ್ಮ ಅಂಕಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಮುಚ್ಚಿಡುವ ರೂಢಿ ಇಲ್ಲ.

ಚಿಟಿಕೆ: 137.

ಮಾರ್ಚ್ 26, ಮಂಗಳವಾರ

ಇಡೀ ದಿನ ಇಲಾಖೆಯ ತಪಾಸಣೆ. ಒಂಬತ್ತು ಅಂಗಡಿ, ಹದಿಮೂರು ತಕ್ಕಡಿ, ಎಲ್ಲ ಸರಿಯಿದ್ದವು. ಬೇರೆ ವಿಶೇಷವಿಲ್ಲ.

ಮಾರ್ಚ್ 31, ಭಾನುವಾರ

ತಂಗಿಯ ಜೊತೆ ಮೂರು ಅಭ್ಯಾಸ ಪಂದ್ಯ. ಮೂರೂ ಸೋತೆ.

ಮೂರರಲ್ಲೂ ಕೊನೆ ಒಂದೇ ರೀತಿ. ನನ್ನ ಕಡೆ ಸಿಡುಕ, ಅವಳ ಕಡೆ ಚಿಟಿಕೆ, ಎರಡಕ್ಕೂ ಕೊನೆಯುಸಿರು. ಚಿಟಿಕೆ ಮೊದಲು ಹೊಡೆಯಿತು. ಸಿಡುಕನ ವೇಗ 120. ಬೇರೇನೂ ಆಗಲು ಸಾಧ್ಯವಿರಲಿಲ್ಲ.

ಸುತ್ತ ಹತ್ತು ಹನ್ನೆರಡು ಜನ ನಿಂತು ನೋಡಿದರು. ನಾನು ತೂಕ ಮತ್ತು ಅಳತೆ ಇಲಾಖೆಯವನಾದ್ದರಿಂದ ಇಲ್ಲಿ ನನಗೆ ತಕ್ಕಡಿ ಎಂದು ಹೆಸರು. ಪಿ.ಟಿ. ಮೇಷ್ಟ್ರು ಸೀಟಿಯನ್ನು ಬೆರಳಿಗೆ ಸುತ್ತುತ್ತಾ, "ಏನ್ರೀ ತಕ್ಕಡಿ ಸಾಹೇಬ್ರೇ, ಇಷ್ಟು ವರ್ಷ ತೂಗ್ತಿದ್ದೋರು ಯಾರು, ತಟ್ಟೇಲಿ ಕೂತಿದ್ದೋರು ಯಾರು ಅಂತ ಇವತ್ತು ಗೊತ್ತಾಯ್ತು ಬಿಡಿ!" ಎಂದರು.

ತಂಗಿ, "ಸುಮ್ನಿರಿ ಸಾರ್, ಅಣ್ಣ ಬೇಕೂಂತ ಬಿಟ್ಕೊಟ್ಟಿದ್ದಾನೆ," ಎಂದಳು.

ನಾನು ಬಿಟ್ಟುಕೊಟ್ಟಿರಲಿಲ್ಲ. ಅದು ಅವಳಿಗೆ ಗೊತ್ತು. ಗೊತ್ತಿದ್ದೂ ಹಾಗೆ ಹೇಳುವ ಅಗತ್ಯವಿರಲಿಲ್ಲ.

ಏಪ್ರಿಲ್ 2, ಮಂಗಳವಾರ

ಕುಳಿತು ಯೋಚಿಸಿದೆ. ನೂರ ಮೂವತ್ತಾರನ್ನು ದಾಟಲು ನೂರ ಮೂವತ್ತೇಳು ಇಡುವ ಯೋಚನೆ ತಂಗಿಗೆ ಮಾತ್ರ ಬಂದಿರಲಿಕ್ಕಿಲ್ಲ. ಬೇರೆಯವರಿಗೂ ಬಂದಿರಬಹುದು. ಹಾಗಿದ್ದರೆ ಸಿಡುಕನಿಗೆ ನೂರ ಮೂವತ್ತೆಂಟು ಬೇಕು. ಇದು ಯಾರೊಬ್ಬರನ್ನು ಉದ್ದೇಶಿಸಿದ್ದಲ್ಲ, ಸಾಮಾನ್ಯ ಎಚ್ಚರಿಕೆ. ತಾಳಿಕೆ ಕುಂದುತ್ತದೆ, ಅದು ನಿಜ. ಎರಡು ಏಟು ತಿನ್ನುವ ಪ್ರಾಣಿ ಒಂದೇ ಏಟಿನ ಪ್ರಾಣಿಯಾಗುತ್ತದೆ.

ತಂಗಿ ಬಟ್ಟೆ ಮಡಿಸುತ್ತಿದ್ದಳು.

"ಸಿಡುಕನಿಗೆ ಸ್ವಲ್ಪ ಬದಲಾವಣೆ ಮಾಡ್ಕೊಡ್ತೀಯಾ? ತಾಳಿಕೆಯಿಂದ ಹದಿನೆಂಟು ಪಾಯಿಂಟ್ ತೆಗೆದು ಸ್ಪೀಡಿಗೆ ಹಾಕು."

ಅವಳು ದಿಂಬಿನ ಚೀಲ ಮಡಿಸುವುದನ್ನು ನಿಲ್ಲಿಸಿದಳು. "ಹದಿನೆಂಟಾ?"

"ಹೂಂ."

"ಹದಿನೇಳಲ್ಲ, ಹದಿನೆಂಟು."

"ಹದಿನೆಂಟು."

"ಸರಿ," ಎಂದಳು. ದಿಂಬಿನ ಚೀಲವನ್ನು ಬಿಚ್ಚಿ ಮೊದಲಿನಿಂದ ಮಡಿಸಿದಳು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಏಪ್ರಿಲ್ 3, ಬುಧವಾರ

ಹಳೆಯ ಪೇಟೆಯ ದಿನಸಿ ಅಂಗಡಿಯೊಂದರಲ್ಲಿ ತಕ್ಕಡಿ ಕಿಲೋಗೆ ಐದು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಕೈಗವಸು ಹಾಕಿಕೊಂಡು, ಪೆಟ್ಟಿಗೆಯಿಂದ ಇಲಾಖೆಯ ತೂಕದ ಬಟ್ಟುಗಳನ್ನು ತೆಗೆದು ಮೂರು ಸಲ ಇಟ್ಟು ನೋಡಿದೆ. ಮೂರು ಸಲವೂ ಐದು.

ಅಂಗಡಿಯವರು ವಯಸ್ಸಾದವರು. ಸ್ಟೂಲು ಹಾಕಿ ಕೂರಿಸಿದರು. "ಐದು ಗ್ರಾಂ ಸ್ವಾಮಿ! ನೊಣ ಕೂತ್ರೂ ಅಷ್ಟು ತೂಗುತ್ತೆ," ಎಂದರು.

"ನೊಣ ಕೂತಿಲ್ಲವಲ್ಲ," ಎಂದೆ.

ತಕ್ಕಡಿಗೆ ಮೊಹರು ಹಾಕಿ ಬಂದೆ. ಗಿರಾಕಿಗೆ ಕಾಣದ ಅಂಕಿಯಲ್ಲಿ ಆಡುವ ಕೈಚಳಕ ಎಷ್ಟು ಸಣ್ಣದಾದರೂ ಮೋಸವೇ.

ಏಪ್ರಿಲ್ 6, ಶನಿವಾರ

ಸಿಡುಕ ತಯಾರು. ತಂಗಿ ನನ್ನ ಗೇಮನ್ನು ಮೇಜಿನ ಮೇಲೆ ಇಟ್ಟಳು.

"ಒಂದ್ಸಲ ನೋಡ್ಕೋ ಅಣ್ಣ."

"ನೀನು ಮಾಡಿದ್ದರಲ್ಲಿ ನೋಡೋದೇನಿದೆ?"

"ಆದ್ರೂ ನೋಡು. ನನ್ನ ಎದುರಿಗೇ ನೋಡು."

ನೋಡಿದೆ. ವೇಗ: 138. ಸರಿಯಿದೆ ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಏನೋ ಬೇಕಾಗಿತ್ತೇನೋ. ಅಷ್ಟರಲ್ಲಿ ಅಮ್ಮ ಕರೆದಳು.

ಏಪ್ರಿಲ್ 7, ಭಾನುವಾರ

ಅಭ್ಯಾಸದಲ್ಲಿ ತಂಗಿಯ ಎದುರು ಸಿಡುಕನನ್ನು ಇಳಿಸಲಿಲ್ಲ. ಬೇರೆ ಪ್ರಾಣಿಗಳಿಗೂ ಆಟ ಬೇಕಲ್ಲ.

"ಸಿಡುಕ ಎಲ್ಲಣ್ಣ?"

"ರೆಸ್ಟ್ ತಗೋತಿದ್ದಾನೆ."

"ಓ. ಅವನಿಗೂ ಸುಸ್ತಾಗುತ್ತಾ?"

ಸೋತೆ. ಇದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಏಪ್ರಿಲ್ 12, ಶುಕ್ರವಾರ

ಅಮ್ಮನ ರಕ್ತಪರೀಕ್ಷೆಯ ವರದಿ ತರಲು ತಂಗಿಯ ಲ್ಯಾಬಿಗೆ ಹೋಗಿದ್ದೆ. ಅವಳು ಬಿಳಿ ಕೋಟು ಹಾಕಿಕೊಂಡು ಕಿಟಕಿಯಾಚೆ ಕೂತು ಸಣ್ಣ ಸಣ್ಣ ಕೊಳವೆಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಅವಳ ಜೊತೆಯ ನರ್ಸಮ್ಮ ನನ್ನನ್ನು ನೋಡಿ, "ನಮ್ಮ ಚಾಂಪಿಯನ್ ಅಣ್ಣ ಇವರೇನಾ? ಇಪ್ಪತ್ತೊಂದಕ್ಕೆ ನಾವು ನಾಲ್ಕು ಜನ ನೋಡೋಕೆ ಬರ್ತಿದ್ದೀವಿ. ಇವಳು ಒಂದು ತಿಂಗಳಿಂದ ನಮ್ಮ ತಲೆ ತಿಂದಿದ್ದಾಳೆ!" ಎಂದರು. ಚಾಂಪಿಯನ್ ಅಣ್ಣ ಎಂದದ್ದರಲ್ಲಿ ಚಾಂಪಿಯನ್ ಯಾರೆಂದು ಸ್ಪಷ್ಟವಾಗಲಿಲ್ಲ.

ತಂಗಿ ವರದಿ ಕೊಡಲು ಬಾಗಿಲತನಕ ಬಂದಳು.

"ಅಣ್ಣ, ನೀನೂ ನಾನೂ ಎದುರುಬದುರಾದ್ರೆ?"

"ಆದ್ರೆ ಆಡೋದು."

"ಅಷ್ಟೇನಾ?"

"ಮತ್ತಿನ್ನೇನು?"

ಅವಳು ಕೋಟಿನ ಗುಂಡಿ ತಿರುವಿದಳು. "ಟೀಮ್ ಬದಲಾಯಿಸೋಕೆ ಹತ್ತೊಂಬತ್ತನೇ ತಾರೀಕಿನ ತನಕ ಟೈಮಿದೆ."

"ನಂದರಲ್ಲಿ ಬದಲಾಯಿಸೋಕೆ ಏನೂ ಇಲ್ಲ."

"ಹಾಗಾದ್ರೆ ನಾನೂ ಏನೂ ಬದಲಾಯಿಸಲ್ಲ," ಎಂದಳು.

ಆತ್ಮವಿಶ್ವಾಸ ಹೆಚ್ಚಾಗಿದೆ. ಮೊದಲ ಸಲ ಆಡುವವರಿಗೆ ಹಾಗಾಗುತ್ತದೆ. ಅಮ್ಮನ ಸಕ್ಕರೆ ಅಂಶ ಮಿತಿಯಲ್ಲಿದೆ.

ಏಪ್ರಿಲ್ 19, ಶುಕ್ರವಾರ

ತಂಡದ ಪಟ್ಟಿ ಸಲ್ಲಿಸಿದೆ. ತಂಗಿ ನನಗಿಂತ ಮೊದಲೇ ಸಲ್ಲಿಸಿದ್ದಳು. ಮನೆಯಲ್ಲಿ ಮಾತು ಕಡಿಮೆ. ಅಮ್ಮ, "ಇಬ್ರೂ ಏನು ಬಾಯಿಗೆ ಬೀಗ ಹಾಕ್ಕೊಂಡಿದ್ದೀರಿ? ರಾಕ್ಷಸರು ಮಾತಾಡ್ಬೇಡಿ ಅಂದ್ರಾ?" ಎಂದು ಕೇಳಿದಳು.

ಏಪ್ರಿಲ್ 21, ಭಾನುವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹದಿನಾರು ಆಟಗಾರರು. ಒಂಬತ್ತೂವರೆಗೆ ಶುರು. ನಾನು ಮೂರು ಪಂದ್ಯ ಗೆದ್ದೆ. ಮೂರನೆಯದು ಕಷ್ಟವಾಯಿತು. ಸಿಡುಕ ಮೊದಲಿನಂತೆ ಎರಡು ಏಟು ತಾಳುವುದಿಲ್ಲ. ತಂಗಿಯೂ ಮೂರು ಪಂದ್ಯ ಗೆದ್ದಳು. ಒಂದರಲ್ಲೂ ತಡವರಿಸಲಿಲ್ಲ. ಲ್ಯಾಬಿನ ನಾಲ್ವರು ಗೋಡೆಗೆ ಒರಗಿ ನಿಂತು ಪ್ರತಿ ಏಟಿಗೂ ಚಪ್ಪಾಳೆ ಹೊಡೆದರು. ಅಮ್ಮ ಕೂಡ ಕೋಲು ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಳು. ಯಾವುದು ಯಾರ ಪ್ರಾಣಿ ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಫೈನಲ್‌ನಲ್ಲಿ ನಾವಿಬ್ಬರು. ಮೇಷ್ಟ್ರು, "ಗೆದ್ರೂ ಒಂದೇ ಮನೆ, ಸೋತ್ರೂ ಒಂದೇ ಮನೆ. ಊಟ ಅಂತೂ ತಪ್ಪಲ್ಲ!" ಎಂದು ಸೀಟಿ ಊದಿದರು.

ಮೂರು ಆಟಗಳಲ್ಲಿ ಎರಡು ಗೆಲ್ಲಬೇಕು. ಸಿಡುಕನನ್ನು ಕೊನೆಗೆ ಇಟ್ಟುಕೊಂಡು ಮೊದಲ ಎರಡರಲ್ಲಿ ಇಳಿಸಲಿಲ್ಲ. ಮೊದಲನೆಯದು ಅವಳಿಗೆ, ಎರಡನೆಯದು ನನಗೆ.

ಮೂರನೆಯದರಲ್ಲಿ ಇಳಿಸಿದೆ. ಕೊನೆಗೆ ಉಳಿದದ್ದು ಸಿಡುಕ ಮತ್ತು ಚಿಟಿಕೆ. ಎರಡರ ಜೀವವೂ ಕೆಂಪು ಗೆರೆಯಲ್ಲಿತ್ತು. ಯಾವುದು ಮೊದಲು ಹೊಡೆಯುತ್ತದೋ ಅದು ಗೆದ್ದಂತೆ. ಮಾರ್ಚ್ 31ರಂದು ನೋಡಿದವರೆಲ್ಲ ಇಲ್ಲೂ ಇದ್ದರು. ಅವರ ಲೆಕ್ಕದಲ್ಲಿ ಆಟ ಮುಗಿದಿತ್ತು. ನರ್ಸಮ್ಮ ಆಗಲೇ ಫೋನು ಎತ್ತಿ ಹಿಡಿದು ವಿಡಿಯೋ ತೆಗೆಯುತ್ತಿದ್ದರು.

ಏಟು ಆರಿಸಲು ನಲವತ್ತೈದು ಸೆಕೆಂಡು ಕೊಡುತ್ತಾರೆ. ನಾನು ಮೂರು ಸೆಕೆಂಡಿನಲ್ಲಿ ಒತ್ತಿದೆ. ತಂಗಿ ಒತ್ತಲಿಲ್ಲ. ಅವಳು ಪರದೆ ನೋಡುತ್ತಿರಲಿಲ್ಲ, ಮೇಜಿನಾಚೆಯಿಂದ ನನ್ನನ್ನು ನೋಡುತ್ತಿದ್ದಳು. ನನ್ನ ಮುಖದಲ್ಲಿ ನೋಡುವಂಥದ್ದೇನಿತ್ತೋ ತಿಳಿಯದು. ಐದು ಸೆಕೆಂಡು ಉಳಿದಾಗ ಕಣ್ಣು ಕೆಳಗಿಳಿಸಿ ಒತ್ತಿದಳು.

ಸಿಡುಕ ಮೊದಲು ಹೊಡೆದ.

ಯಾರೋ ಹಿಂದಿನಿಂದ, "ಅದು ಹೆಂಗೆ? ಚಿಟಿಕೆ ಮೊದ್ಲು ಹೋಗ್ಬೇಕಿತ್ತಲ್ಲ?" ಎಂದರು. ಮೇಷ್ಟ್ರು ಸೀಟಿ ಊದುವುದನ್ನು ಮರೆತು ತಂಗಿಯ ಮುಖ ನೋಡಿದರು, ಆಮೇಲೆ ನನ್ನದು. ತಂಗಿ ಎದ್ದು ನನ್ನ ಕೈ ಕುಲುಕಿದಳು. ಅಮ್ಮ, "ಯಾರು ಗೆದ್ರು? ಯಾರಾದ್ರೂ ಹೇಳ್ರಪ್ಪ," ಎನ್ನುತ್ತಿದ್ದಳು.

ಅಮ್ಮನನ್ನು ಆಟೋ ಹತ್ತಿಸಿ ನಾವು ನಡೆದುಕೊಂಡು ಬಂದೆವು. ಚಪ್ಪಲಿ ರಿಪೇರಿಯ ಅಂಗಡಿ ದಾಟಿದೆವು.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

"ನಾನೇ ಮಾಡ್ಕೊಟ್ಟಿದ್ದಲ್ವಾ ಅಣ್ಣ. ನೂರಿಪ್ಪತ್ತಕ್ಕೆ ಹದಿನೆಂಟು ಕೂಡ್ಸೋಕೆ ನನಗೂ ಬರುತ್ತೆ."

"ಮತ್ತೆ ಯಾಕೆ ಸುಮ್ನಿದ್ದೆ? ಎರಡು ಪಾಯಿಂಟ್ ಹಾಕ್ಕೊಂಡಿದ್ರೆ ಮುಗೀತಿತ್ತು."

"ಮುಗೀತಿತ್ತು."

"ಮತ್ತೆ?"

"ನನ್ನ ಎದುರು ಅವನನ್ನ ಇಳಿಸಲ್ಲ ಅಂದ್ಕೊಂಡಿದ್ದೆ." ಸ್ವಲ್ಪ ದೂರ ನಡೆದ ಮೇಲೆ, "ಇಳಿಸಿದ್ಮೇಲೂ ಬೇರೆ ಏಟು ಆರಿಸ್ತೀಯ ಅಂದ್ಕೊಂಡೆ. ನೀನು ಮೂರು ಸೆಕೆಂಡೂ ತಗೊಳ್ಳಲಿಲ್ಲ," ಎಂದಳು.

"ಆಟ ಅಂದ್ಮೇಲೆ ಆಟ."

"ಹೌದಣ್ಣ. ಆಟ."

ಅವಳು ಅಮ್ಮನ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಳು. ನಾನು ಮನೆಗೆ ಬಂದೆ.

ಏಪ್ರಿಲ್ 2ರಿಂದ 19ರವರೆಗೆ ಅವಳಿಗೆ ಹದಿನೇಳು ದಿನ ಇದ್ದವು. ತಿಳಿದೂ ಬದಲಾಯಿಸದಿರುವುದು ಸಿದ್ಧತೆಯ ದೋಷ. ನಾನು ನಿಯಮ ಮುರಿದಿಲ್ಲ. ನಿಯಮಪುಸ್ತಕವನ್ನು ಇನ್ನೊಮ್ಮೆ ಓದಿ ನೋಡಿದೆ.

ಏಪ್ರಿಲ್ 22, ಸೋಮವಾರ

ಗೆದ್ದ ವಿಷಯ ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ.

ಏಪ್ರಿಲ್ 28, ಭಾನುವಾರ

ತಂಗಿ ಬರಲಿಲ್ಲ. ಬಟ್ಟೆ ಒಗೆಯುವುದಿದೆ ಎಂದಳು. ಬಟ್ಟೆ ನಿನ್ನೆಯೇ ಒಗೆದಾಗಿತ್ತು.

ಮೇಷ್ಟ್ರು ಒಂದು ಮಾತೂ ತಮಾಷೆ ಮಾಡಲಿಲ್ಲ. "ನಿಮ್ಮ ತಂಗಿ ಹೇಗಿದ್ದಾರೆ?" ಎಂದು ಕೇಳಿದರು. ಹತ್ತು ವರ್ಷಗಳಲ್ಲಿ ಅವರು ನನಗೆ ತಕ್ಕಡಿ ಎನ್ನದೆ ಮಾತಾಡಿಸಿದ್ದು ಇದೇ ಮೊದಲು. ಅಭ್ಯಾಸಕ್ಕೆ ಜೊತೆಯಾಗಲು ಇಬ್ಬರನ್ನು ಕೇಳಿದೆ. ಇಬ್ಬರಿಗೂ ಬೇರೆ ಕೆಲಸವಿತ್ತು.

ಮೇ 4, ಶನಿವಾರ

ಅಂತಿಮ ಸುತ್ತಿಗೆ ಐದು ವಾರ. ತಾಳಿಕೆಯಿರುವ ಹೊಸ ಪ್ರಾಣಿ ಬೇಕಿತ್ತು. ತಂಗಿಗೆ ಹೇಳಿದೆ. ಆಗಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. "ಆಯ್ತಣ್ಣ, ಯಾವಾಗ ಬೇಕು?" ಎಂದು ಮಾತ್ರ ಕೇಳಿದಳು. ಮನಸ್ಸು ಹಗುರಾಯಿತು. ಎಲ್ಲ ಎಂದಿನಂತೆ ನಡೆಯುತ್ತಿದೆ.

ಮೇ 11, ಶನಿವಾರ

ತಂಗಿ ಹೇಳಿದ ದಿನಕ್ಕೆ ಸರಿಯಾಗಿ ಪ್ರಾಣಿ ಕೊಟ್ಟಳು. ಜೊತೆಗೆ ಒಂದು ಚೀಟಿ. ಆರು ಅಂಕಿಗಳು, ಒಡೆಸಿದ ಮೊಟ್ಟೆ ನೂರ ಎಪ್ಪತ್ಮೂರು, ಕೆಳಗೆ ತಾರೀಕು ಮತ್ತು ಸಹಿ. ಲ್ಯಾಬಿನ ವರದಿಯ ಹಾಗಿದೆ. ಹಿಂದೆ ಬಾಯಲ್ಲೇ ಹೇಳುತ್ತಿದ್ದಳು, ನಡುವೆ ಒಂದೆರಡು ಮರಿಗಳ ಕಥೆಯೂ ಇರುತ್ತಿತ್ತು. ಅಂಕಿಗಳನ್ನು ಪರೀಕ್ಷಿಸಿದೆ. ಆರೂ ಸರಿಯಿವೆ.

ಮೇ 14, ಮಂಗಳವಾರ

ಊಟಕ್ಕೆ ಮನೆಗೆ ಹೋದಾಗ ತಂಗಿ ಕಿಟಕಿಯ ಬಳಿ ಕೂತು ಆಡುತ್ತಿದ್ದಳು. ನನ್ನ ಹೆಜ್ಜೆ ಕೇಳಿ ಗೇಮನ್ನು ಮಡಿಲಲ್ಲಿ ಬೋರಲು ಹಾಕಿದಳು. ಅಷ್ಟರಲ್ಲಿ ಪರದೆ ಕಂಡಿತ್ತು: ನಾನು ನೋಡಿರದ ಪ್ರಾಣಿ, ಬೂದು ಬಣ್ಣ, ಉದ್ದ ಕಾಲು.

"ಹೊಸದಾ?"

"ಹೂಂ. ಸುಮ್ನೆ, ಹೊತ್ತು ಹೋಗೋಕೆ."

"ಹೆಸರೇನಿಟ್ಟೆ?"

"ಇನ್ನೂ ಇಟ್ಟಿಲ್ಲ."

"ಸ್ಪೀಡ್ ಎಷ್ಟು?"

"ನೂರ ಹತ್ತು," ಎಂದಳು. ಯೋಚಿಸಲಿಲ್ಲ, ಗೇಮನ್ನು ತಿರುಗಿಸಿ ನೋಡಲೂ ಇಲ್ಲ. ನಗುತ್ತಲೇ ಹೇಳಿದಳು. "ಕೈ ತೊಳ್ಕೋ ಅಣ್ಣ, ಊಟ ಆರಿಹೋಗುತ್ತೆ."

ಅಷ್ಟು ಉದ್ದ ಕಾಲಿನ ಪ್ರಾಣಿಗೆ ನೂರ ಹತ್ತು ಬಹಳ ಕಡಿಮೆ. ಇದ್ದರೂ ಇರಬಹುದು. ತಿಳಿಯಲು ಬೇರೆ ದಾರಿಯಿಲ್ಲ. 110 ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದೇನೆ.